ಬೆನ್ನು ತೋರಿಸಿ ಕೂತ ಅಕ್ಕ

ಡ್ರಾಯಿಂಗ್ ಮೇಷ್ಟ್ರಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮುಖ ಬರೆಯುವುದನ್ನೇ ಕಲಿಸಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಕಲೆಯ ಇತಿಹಾಸದ ಪಾಠಕ್ಕೆಂದು ಅವರೇ ನಕಲು ಮಾಡಿದ ಹನ್ನೆರಡು ಚಾರ್ಟುಗಳಿದ್ದವು. ಏಳನೆಯದರಲ್ಲಿ ಕಿಟಕಿಯ ಬಳಿ ಬೆನ್ನು ತೋರಿಸಿ ಕೂತು ಬಟ್ಟೆ ಹೊಲಿಯುವ ಹೆಂಗಸು. ಪುಸ್ತಕದಲ್ಲಿದ್ದ ಮೂಲ ಚಿತ್ರ ಅಂಚೆಚೀಟಿಯಷ್ಟಿತ್ತು; ಅದಕ್ಕೇ ಮೇಷ್ಟ್ರು ತಮ್ಮ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ನೋಡಿ ಬರೆದಿದ್ದರು. "ಬೆನ್ನು ಬಿದ್ದುಹೋಯ್ತು ಕಣೋ. ಮುಗೀತಾ ಇಲಿಮರಿ, ತಿರುಗಲಾ?" ಅಂತ ಅಕ್ಕ ಗಳಿಗೆಗೊಮ್ಮೆ ಗೊಣಗಿದ್ದಳು. ಪೆನ್ಸಿಲ್ ಕಚ್ಚುವ ತಮ್ಮನಿಗೆ ಅವಳಿಟ್ಟ ಹೆಸರು ಅದು, ಅವಳೊಬ್ಬಳೇ ಕರೆಯುತ್ತಿದ್ದದ್ದು.

ತಾಯಿಯಿಲ್ಲದ ತಮ್ಮನನ್ನು ಸಾಕಿದ ಆ ಅಕ್ಕ ತೀರಿಕೊಂಡು ಹತ್ತೊಂಬತ್ತು ವರ್ಷ. ಕ್ಯಾಮೆರಾ ಕಂಡರೆ ಓಡುತ್ತಿದ್ದವಳದು ಒಂದು ಫೋಟೋವೂ ಇಲ್ಲ. ಈಚೆಗೆ ಮೇಷ್ಟ್ರಿಗೆ ಅವಳ ಮುಖವೇ ನೆನಪಾಗುತ್ತಿರಲಿಲ್ಲ. ಜಡೆ ನೆನಪಾಗುತ್ತಿತ್ತು, ಕತ್ತಿನ ಹಿಂದಿನ ಮಚ್ಚೆ ನೆನಪಾಗುತ್ತಿತ್ತು. ಇನ್ನೇನು ತಿರುಗುತ್ತಾಳೆ ಅನ್ನುವಷ್ಟರಲ್ಲಿ ಎಲ್ಲ ಹೊಗೆ. ಸಾಕಿದವಳ ಮುಖ ಮರೆತೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು?

ಈ ವರ್ಷ ಶಾಲೆಗೆ ವಿ.ಆರ್. ಕನ್ನಡಕಗಳು ಬಂದವು. ಹಾಕಿಕೊಂಡರೆ ಚಿತ್ರದೊಳಗೇ ಹೊಕ್ಕು ಓಡಾಡಬಹುದಂತೆ. ಕಂಪನಿಯವರು ಚಿತ್ರ ಕೇಳಿದಾಗ ಹೆಡ್‌ಮಾಸ್ಟರು ಮೂಲ ಹುಡುಕುವ ಗೋಜಿಗೆ ಹೋಗದೆ ಮೇಷ್ಟ್ರ ಚಾರ್ಟುಗಳನ್ನೇ ಸ್ಕ್ಯಾನ್ ಮಾಡಿ ಕಳಿಸಿಬಿಟ್ಟಿದ್ದರು. ಒಂದೊಂದು ಚಾರ್ಟೂ ಕನ್ನಡಕದೊಳಗೆ ಒಂದೊಂದು ಕೋಣೆಯಾಗಿತ್ತು.

"ಏಳನೇ ಕೋಣೇಲಿ ಹೆಂಗಸಿನ ಮುಂದ್ಗಡೆ ಏನೂ ಮಾಡಿಲ್ಲ ಸಾರ್," ಅಂದಳು ಕನ್ನಡಕ ಜೋಡಿಸಲು ಬಂದ ಕಂಪನಿ ಹುಡುಗಿ. "ಚಾರ್ಟಲ್ಲಿ ಮುಖಾನೇ ಇರ್ಲಿಲ್ವಲ್ಲ. ಬರೀ ಬೂದು ಬಣ್ಣ. ಶಬ್ದಾನೂ ಹಾಕಿಲ್ಲ."

ಹತ್ತು ಮಕ್ಕಳು ಹತ್ತು ಕನ್ನಡಕ ಹಾಕಿಕೊಂಡರು. ಏನೂ ಇಲ್ಲ ಅಂದ ಕಡೆಗೇ ಅಲ್ಲವೇ ಮಕ್ಕಳು ಹೋಗುವುದು! ಮೊದಲು ಕಿರುಚಾಟ, ಆಮೇಲೆ ಇದ್ದಕ್ಕಿದ್ದಂತೆ ಮೌನ. ಹತ್ತೂ ತಲೆಗಳು ನಿಧಾನವಾಗಿ ಒಂದೇ ಕಡೆ ವಾಲಿದವು.

"ಏನ್ರೋ, ಜೀವ ಇದ್ಯಾ?"

"ಇದೆ ಸಾರ್," ಅಂದ ಒಬ್ಬ. "ನಗ್ತಿದಾರೆ."

"ಯಾರೋ?"

"ಇವರೇ ಸಾರ್, ಹೊಲೀತಿರೋರು."

ಕಂಪನಿ ಹುಡುಗಿ ಲ್ಯಾಪ್‌ಟಾಪ್ ನೋಡಿದಳು. ಅಲ್ಲಿ ಬರೀ ಬೂದು ಬಣ್ಣ. ಮೇಷ್ಟ್ರು ಒಬ್ಬನ ಕನ್ನಡಕ ಕಿತ್ತುಕೊಂಡು ತಾವೇ ಹಾಕಿಕೊಂಡರು. ಕಿಟಕಿ, ಕುರ್ಚಿ, ಜಡೆ, ಮಚ್ಚೆ. ಕುರ್ಚಿ ಸುತ್ತಿಕೊಂಡು ಆಚೆಗೆ ಹೋದರು. ಅಲ್ಲೂ ಬೆನ್ನೇ. ಮತ್ತೊಂದು ಸುತ್ತು ಬಂದರು. ಮತ್ತೆ ಬೆನ್ನೇ. ಮುಖ ಬರೆಯಲು ಬಾರದವನಿಗೆ ಮುಖ ತೋರಿಸುವುದಾದರೂ ಯಾಕೆ ಅನ್ನುವ ಹಾಗೆ.

ಕನ್ನಡಕ ತೆಗೆದಿಟ್ಟು ಹಾಳೆ ಹಂಚಿದರು. "ಎಲ್ಲಾರೂ ನೋಡಿದ್ದನ್ನ ಬರೀರಿ. ಪಕ್ಕದವನ ಹಾಳೆ ನೋಡಿದ್ರೆ ಕಿವಿ ಹಿಂಡ್ತೀನಿ."

ಹತ್ತು ಹಾಳೆ ಬಂದವು. ಮೇಷ್ಟ್ರ ಶಿಷ್ಯರಲ್ಲವೇ, ಒಂದೊಂದು ಮೂಗೂ ಆಲೂಗಡ್ಡೆ. ಆದರೆ ಹತ್ತರಲ್ಲೂ ಮುಂದಿನ ಹಲ್ಲು ಚೂರು ಮುರಿದಿತ್ತು. ಹತ್ತರಲ್ಲೂ ಎಡಹುಬ್ಬು ನಡುವೆ ತುಂಡಾಗಿತ್ತು. ಬಾಗಿಲು ಬಡಿದ ಗಾಯ ಅದು. ಸಿಟ್ಟಿನಲ್ಲಿ ಬಾಗಿಲು ದೂಡಿದವನು ಆರು ವರ್ಷದ ತಮ್ಮ. ಆ ಹುಬ್ಬಿನ ಹಿಂದೆಯೇ ಕಣ್ಣು ಬಂತು, ಕೆನ್ನೆ ಬಂತು, ಮುಖ ಪೂರ್ತಿ ಬಂತು. ಮೇಷ್ಟ್ರಿಗೆ ಅರಿವಿಲ್ಲದೆ ಪೆನ್ಸಿಲ್ ಬಾಯಿಗೆ ಹೋಯಿತು.

"ಸಾರ್," ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. "ಅವರು ಏನೋ ಕೇಳಿದ್ರು."

"ಶಬ್ದಾನೇ ಇಲ್ವಲ್ಲ ಪುಟ್ಟಿ," ಅಂದಳು ಕಂಪನಿ ಹುಡುಗಿ. ಅವಳ ದನಿ ಸಣ್ಣಗಾಗಿತ್ತು.

"ನಂಗೆ ಕೇಳಿಸ್ತಕ್ಕ. ಮುಗೀತಾ ಇಲಿಮರಿ, ತಿರುಗಲಾ ಅಂದ್ರು. ಇಲಿಮರಿ ಯಾರು ಸಾರ್?"

ಮೇಷ್ಟ್ರು ಬಾಯಿಂದ ಪೆನ್ಸಿಲ್ ತೆಗೆದರು. ಕನ್ನಡಕವನ್ನು ಮತ್ತೆ ಕಣ್ಣಿಗೇರಿಸಿಕೊಂಡು, ಕ್ಲಾಸೆಲ್ಲ ನೋಡುತ್ತಿದೆ ಅನ್ನುವುದನ್ನೂ ಮರೆತು, ಮೆಲ್ಲಗೆ ಅಂದರು:

"ಮುಗೀತಕ್ಕ."

ಒಳಗೆ ಕುರ್ಚಿ ಕಿರ್ರೆಂದಿತು.