ಸರ್ವರ್ ಕೋಣೆಯ ಮಜ್ಜಿಗೆ

ಧಾರವಾಡದ ನಮ್ಮ ಕಾಲೇಜಿನಲ್ಲಿ ಎಸಿ ಇರುವುದು ಸರ್ವರ್ ಕೋಣೆಗೆ ಮಾತ್ರ. ಬೇಸಿಗೆಯಲ್ಲಿ ಗ್ರಂಥಪಾಲಕಿ ತಮ್ಮ ಮಜ್ಜಿಗೆ ಬಾಟಲಿಯನ್ನು ಅಲ್ಲಿಟ್ಟು, ಮಧ್ಯಾಹ್ನ ಸರ್ವರ್ ನೋಡಿಕೊಳ್ಳುವ ನನಗೂ ಅರ್ಧ ಲೋಟ ಕೊಡುತ್ತಿದ್ದರು.

ಈ ಬೇಸಿಗೆಯಲ್ಲಿ ಆ ಲಿನಕ್ಸ್ ಸರ್ವರಿನಲ್ಲಿ ತನ್ನಷ್ಟಕ್ಕೆ ತಾನೇ ಆಗುತ್ತಿದ್ದ ಅಪ್‌ಡೇಟ್ ನಿಂತುಹೋಯಿತು. ಬೇರೆ ಯಾರೋ ಅಪ್‌ಡೇಟ್ ಮಾಡುತ್ತಿದ್ದಾರೆ, ಅದು ಮುಗಿಯಲಿ ಎಂದು ದಿನವೂ ಅದೇ ಎರರ್. ಪ್ರಿನ್ಸಿಪಾಲರು ಕೇಳಿದಾಗ ನಾನು ಸಿಡುಕಿದೆ: "ಮಜ್ಜಿಗಿ ಇಡಾಕ ಬಂದವ್ರೆಲ್ಲಾ ಕೈಯಾಡಿಸಿದ್ರ ಇನ್ನೇನಾಗ್ತೈತ್ರಿ ಸರ್!"

ಗ್ರಂಥಪಾಲಕಿ ಪಕ್ಕದಲ್ಲೇ ಇದ್ದರು. ತಮ್ಮ ಬಾಟಲಿ ಎತ್ತಿಕೊಂಡು ಹೋದರು.

ಆಮೇಲೆ ಹುಡುಕಿ ನೋಡಿದರೆ, ಆ 'ಬೇರೆ ಯಾರೋ' ನಾನೇ. ಹಿಂದಿನ ವಾರ ನಾನೇ ಶುರುಮಾಡಿ ಮರೆತಿದ್ದ ಅಪ್‌ಡೇಟ್, ಹಳೆಯ ಸೆಟ್ಟಿಂಗ್ ಇರಲೋ ಹೊಸದು ಹಾಕಲೋ ಎಂದು ಕೇಳಿ, ನನ್ನ ಉತ್ತರಕ್ಕೆ ಇನ್ನೂ ಕಾಯುತ್ತಿತ್ತು. ಒಂದು ಕೀ ಒತ್ತಿದೆ. ಎಲ್ಲ ಸರಿಹೋಯಿತು.

ಪ್ರಿನ್ಸಿಪಾಲರಿಗೆ "ಸರಿ ಆತ್ರಿ" ಎಂದಷ್ಟೇ ಹೇಳಿದೆ, ಯಾಕೆ ಕೆಟ್ಟಿತ್ತೆಂದು ಹೇಳಲಿಲ್ಲ. ಕ್ಷಮೆ ಕೇಳೋಣವೆಂದು ಲೈಬ್ರರಿಗೆ ಹೋದವನು ಪೇಪರ್ ತಿರುವಿಹಾಕುತ್ತಾ ನಿಂತೆ. ಅವರು ಮೇಜಿನ ಮೇಲಿದ್ದ ಬಾಟಲಿಯಿಂದ ಎಂದಿನಂತೆ ಅರ್ಧ ಲೋಟ ಬಗ್ಗಿಸಿ ನನ್ನ ಮುಂದಿಟ್ಟರು.

"ಶೆಕಿಗೆ ಜರಾ ಹುಳಿ ಆಗೇತ್ರಿ ಸರ್. ನಡೀತೈತೇನ್ರಿ?"