ದಶರಥಣ್ಣನ ತೂರಾಟ

ದಶರಥಣ್ಣ ಒಂದು ಹನಿ ಸೆರೆಯನ್ನೂ ಬಾಯಿಗೆ ಮುಟ್ಟಿಸಿದವನಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಅದೆಷ್ಟೋ ಊರುಗಳಲ್ಲಿ, ನೂರಾರು ಜನರೆದುರು ಅವನು ಕುಡಿದು ತೂರಾಡುತ್ತ ಬಂದು ನನ್ನ ಮೇಲೆ ಕೈ ಎತ್ತಿದ್ದಾನೆ, ನಾನು ಸೆರಗು ಕಚ್ಚಿ ಅತ್ತಿದ್ದೇನೆ. ಅದು ನಮ್ಮ ಕೆಲಸ. ನಾವು ಸೇಡಂನ ಒಂದು ಕಲಾತಂಡದವರು. ಇಲಾಖೆಯವರು ಹೇಳಿದ ಊರಿಗೆ ಹೋಗಿ ಬೀದಿನಾಟಕ ಆಡಿ ಬರುತ್ತೇವೆ. ನಾಟಕ ಶೌಚಾಲಯದ್ದಿರಲಿ, ಲಸಿಕೆಯದ್ದಿರಲಿ, ಬಾಲ್ಯವಿವಾಹದ್ದಿರಲಿ, ಅದರಲ್ಲೊಬ್ಬ ಕುಡುಕ ಇದ್ದೇ ಇರುತ್ತಾನೆ. ಅವನಿಲ್ಲದಿದ್ದರೆ ಜನ ಎದ್ದು ಮನೆಗೆ ಹೋಗುತ್ತಾರೆ. ಆ ಕುಡುಕ ದಶರಥಣ್ಣ. ಅವನ ಗೋಳಿನ ಹೆಂಡತಿ ನಾನು, ಜಗದೇವಿ. ಮನೆಯಲ್ಲಿ ನನ್ನ ನಿಜವಾದ ಗಂಡ ನನ್ನೆದುರು ದನಿ ಎತ್ತುವುದಿಲ್ಲ, ಅದು ಬೇರೆ ಮಾತು.

ದಶರಥಣ್ಣ ಹುಟ್ಟಿದ್ದು ಸನ್ನತಿಯಲ್ಲಿ, ಬೆಳೆದದ್ದು ಶಹಾಬಾದಿನಲ್ಲಿ. ಹೊಟ್ಟೆಪಾಡಿಗೆ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸ. ಅವನು ಕಲ್ಲು ಹಾಸಿದ ಮನೆಯಲ್ಲಿ ನೀರು ಚೆಲ್ಲಿದರೆ ಅದು ತಾನಾಗಿ ಮೋರಿಯ ದಾರಿ ಹಿಡಿಯುತ್ತದೆ. ನಾಟಕದ ಹುಚ್ಚು ಹತ್ತಿದ್ದು ಮಾತ್ರ ಸಿನಿಮಾದಿಂದ. ಚಿಕ್ಕಂದಿನಲ್ಲಿ ಟಾಕೀಜಿನಲ್ಲಿ ಒಬ್ಬ ಖಳನಾಯಕ ಪರದೆಗೆ ಬಂದರೆ ಸಾಕು, ಜನ ಚಪ್ಪಲಿ ಎಸೆಯುತ್ತಿದ್ದರಂತೆ. ಇವನೊಬ್ಬ ಚಪ್ಪಾಳೆ ಹೊಡೆಯುತ್ತಿದ್ದನಂತೆ. ಎಷ್ಟೋ ವರ್ಷಗಳ ಮೇಲೆ ಅದೇ ನಟ ಟಿವಿ ಧಾರಾವಾಹಿಯೊಂದರಲ್ಲಿ ಮೊಮ್ಮಕ್ಕಳನ್ನು ಮುದ್ದು ಮಾಡುವ ಅಜ್ಜನಾಗಿ ಬಂದ. ದಶರಥಣ್ಣನಿಗೆ ನಂಬಿಕೆ ಬರಲಿಲ್ಲ. ಈ ಮುದುಕ ಇವತ್ತು ಹಾಲಿಗೆ ವಿಷ ಹಾಕುತ್ತಾನೆ, ನಾಳೆ ಹಾಕುತ್ತಾನೆ ಎಂದು ಕಾದ. ಧಾರಾವಾಹಿಯೇ ಮುಗಿದು ಹೋಯಿತು, ಅವನು ಹಾಕಲಿಲ್ಲ. ದಶರಥಣ್ಣನಿಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

ನಮ್ಮ ಕ್ರೂಸರ್ ಗಾಡಿಯಲ್ಲಿ ಊರಿಂದೂರಿಗೆ ಹೋಗುವಾಗ ಇದೇ ಮಾತು. ಢೋಲಕ್ ಬಾರಿಸುವ ಅಲ್ಲಾವುದ್ದೀನ ಭಾಯಿ ವಾದಕ್ಕೆ ನಿಂತನೆಂದರೆ ವಾಡಿಯಲ್ಲಿ ಶುರುವಾದದ್ದು ಚಿಂಚೋಳಿಗೆ ಹೋದರೂ ಮುಗಿಯದು. ಕುರುಡ, ರಾಜ, ಮುದುಕ, ಕಳ್ಳ, ಏನು ಕೊಟ್ಟರೂ ಮಾಡುವವನೇ ನಟ, ಒಂದೇ ಪಾತ್ರ ಹಿಡಿದು ಕೂತವನು ಹಿಟ್ಟಿನ ಗಿರಣಿ ಎಂಬುದು ಅವನ ಅಭಿಪ್ರಾಯ. ದಶರಥಣ್ಣ ಒಪ್ಪುತ್ತಿರಲಿಲ್ಲ. ವೇಷ ಬದಲಾದರೆ ಹೆಸರು ಬರಬೇಕಾದದ್ದು ದರ್ಜಿಗೆ. ಅದೇ ಕುಡುಕನನ್ನು ಊರೂರಿಗೆ ಹೊಸದಾಗಿ ಮಾಡಿ ತೋರಿಸುವುದು ನಟನ ಕೆಲಸ ಎನ್ನುತ್ತಿದ್ದ. ನನಗೂ ಒಂದು ಅಭಿಪ್ರಾಯವಿತ್ತು. ತಲೆಯಲ್ಲಿ ಎರಡು ಬಿಳಿ ಕೂದಲು ಕಂಡರೆ ಸಾಕು, ನಾಯಕಿಯನ್ನು ತಾಯಿ ಮಾಡಿ ಮೂಲೆಗೆ ಕೂರಿಸುತ್ತಾರೆ. ನಾಯಕ ಮಾತ್ರ ಕೂದಲಿಗೆ ಬಣ್ಣ ಬಳಿದುಕೊಂಡು ಮಗಳ ವಯಸ್ಸಿನವಳ ಜೊತೆ ಕುಣಿಯುತ್ತಾನೆ, ಇದಕ್ಕೇನು ಹೇಳುತ್ತೀರಿ ಎಂದು ಕೇಳುತ್ತಿದ್ದೆ. ಇಬ್ಬರೂ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದರು.

ಹೀಗೆ ಹಾಯಾಗಿದ್ದ ದಶರಥಣ್ಣನಿಗೆ ಪಾತ್ರದ ಬಿಸಿ ತಟ್ಟಿದ್ದು ಮಗಳ ಮದುವೆ ಮಾತಿನಲ್ಲಿ. ಯಶೋಧರಾ ನರ್ಸಿಂಗ್ ಓದಿ ಚಿತ್ತಾಪುರದಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ರಾಜರತ್ನ, ಚಿಂಚೋಳಿ ಕಡೆಯವನು, ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ವಾಡಿಯಲ್ಲಿ ಗೆಳತಿಯ ಮದುವೆಯಲ್ಲಿ ನೋಡಿದ್ದರು, ಇಬ್ಬರಿಗೂ ಮನಸ್ಸಿತ್ತು, ಎರಡೂ ಮನೆಯವರು ಒಂದೇ ಸಮಾಜದವರು. ಹುಡುಗನ ತಂದೆ ಅಂಬರಾಯ ನಾಲ್ಕು ಹಿರಿಯರನ್ನು ಕರೆದುಕೊಂಡು ಶಹಾಬಾದಿಗೆ ಬಂದ. ಮಂಡಕ್ಕಿ ಸುಸಲಾ ತಿಂದರು, ಚಹಾ ಕುಡಿದರು, ಹುಡುಗಿಯನ್ನು ಮೆಚ್ಚಿದರು. ಅಷ್ಟರಲ್ಲಿ ಕೆಲಸದಿಂದ ತಡವಾಗಿ ಬಂದ ದಶರಥಣ್ಣ ಕೈಕಾಲು ತೊಳೆದುಕೊಂಡು, ಜೈಭೀಮ ಎನ್ನುತ್ತ ಒಳಗೆ ಕಾಲಿಟ್ಟ. ಅಂಬರಾಯ ಚಹಾದ ಬಟ್ಟಲು ಕೆಳಗಿಟ್ಟ.

ಹಿಂದಿನ ಬೇಸಿಗೆಯಲ್ಲಿ ಅವನ ಊರಿನಲ್ಲೇ ನಾವು ನಾಟಕ ಆಡಿದ್ದೆವು. ದಶರಥಣ್ಣ ಅಲ್ಲಿ ಗಟಾರದಲ್ಲಿ ಬಿದ್ದು ಹೊರಳಾಡಿದ್ದನ್ನು ಅಂಬರಾಯ ಕಣ್ಣಾರೆ ಕಂಡಿದ್ದ. ಅದು ನಾಟಕ ಎಂದು ತಿಳಿಯದಷ್ಟು ದಡ್ಡ ಅವನಲ್ಲ. ಅದನ್ನೇ ಹೇಳಿದ ಕೂಡ.

"ನಾಟಕ ಅಂತ ನನಗೂ ಗೊತ್ತದರಿ. ಆದ್ರ ಕುಡೀಲಾರದಾಂವಗ ಅಷ್ಟ ಚಂದ ಮಾಡ್ಲಿಕ್ಕ ಬರಂಗಿಲ್ಲ."

ದಶರಥಣ್ಣ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಲು ಹೋದ. ತಾನು ಹಾಸಿದ ನೆಲ ತೋರಿಸಿದ, ಕುಡಿಯುವವನ ಕೈಯಲ್ಲಿ ಇಷ್ಟು ನೇರ ಕಲ್ಲು ಕೂರುತ್ತದೆಯೇ ಎಂದ. ಅಂಬರಾಯ ಅಲುಗಲಿಲ್ಲ.

"ಕುಡಿಯೋರೆಲ್ಲ ಆಣಿ ಮಾಡ್ತಾರ್ರಿ. ನಮ್ಮಪ್ಪನೂ ದಿನಾ ಮಾಡ್ತಿದ್ದ. ಅದ್ರಾಗs ಸತ್ತ. ಮತ್ತ ಅಂಥ ಮನಿ ನಮಗ ಬ್ಯಾಡ್ರಿ."

ಅವರು ಎದ್ದು ಹೋದರು. ರಾಜರತ್ನ ಕಾಯುತ್ತೇನೆ ಎಂದು ಹುಡುಗಿಗೆ ಫೋನ್ ಮಾಡಿ ಹೇಳಿದ, ಆದರೆ ಅಪ್ಪನನ್ನು ಮೀರಿ ಹೆಜ್ಜೆ ಇಡುವವನಲ್ಲ. ಯಶೋಧರಾ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ದಶರಥಣ್ಣನನ್ನು ಹಣ್ಣು ಮಾಡಿತು. ಮರುದಿನ ಗಾಡಿಯಲ್ಲಿ ಎಲ್ಲವನ್ನೂ ಹೇಳಿಕೊಂಡು ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಆದರೂ ಅಷ್ಟು ಚಂದ ಮಾಡುತ್ತೇನೆ ಎಂದು ಒಪ್ಪಿಕೊಂಡನಲ್ಲ ಎಂದ. ನಾನು ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಆವತ್ತಿನಿಂದ ಅವನು ಅಲ್ಲಾವುದ್ದೀನ ಭಾಯಿಯ ಪಕ್ಷ ಸೇರಿದ. ಒಂದೇ ಪಾತ್ರಕ್ಕೆ ಸಿಕ್ಕಿಬಿದ್ದ ನಟನ ಬಾಳು ನಾಯಿಪಾಡು ಎನ್ನತೊಡಗಿದ. ತಂಡದ ಮುಖ್ಯಸ್ಥ ಸಿದ್ದಣ್ಣನ ಬೆನ್ನು ಬಿದ್ದು, ಇನ್ನು ಮೇಲೆ ತನಗೆ ಡಾಕ್ಟರ ಪಾತ್ರವೇ ಬೇಕು ಎಂದ. ನಾಟಕದ ಕೊನೆಯಲ್ಲಿ ಬಂದು, ಸೆರೆ ಕುಡಿದರೆ ಏನೇನು ರೋಗ ಬರುತ್ತದೆ ಎಂದು ಬುದ್ಧಿ ಹೇಳುವ ಡಾಕ್ಟರು. ಅದೂ ಅಂಬರಾಯನ ಊರಿನಲ್ಲಿ ಮತ್ತೆ ನಾಟಕ ನಿಗದಿಯಾಗಿತ್ತು. ಬಿಳಿ ಕೋಟಿನಲ್ಲಿ ತನ್ನನ್ನು ಅವನು ಒಮ್ಮೆ ನೋಡಿದರೆ ಸಾಕು, ಮನಸ್ಸು ತಿರುಗುತ್ತದೆ ಎಂಬ ಆಸೆ. ಸಿದ್ದಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿದ. ಹಾಗಾದರೆ ಕುಡುಕ ಯಾರು? ನಾವೆಲ್ಲ ಅಲ್ಲಾವುದ್ದೀನ ಭಾಯಿಯ ಮುಖ ನೋಡಿದೆವು. ಏನು ಕೊಟ್ಟರೂ ಮಾಡುವವನೇ ನಟ ಎಂದವನಿಗೆ ಇಲ್ಲ ಎನ್ನಲು ಬಾಯಿರಲಿಲ್ಲ.

ಆವತ್ತಿನ ನಾಟಕದಂಥದ್ದನ್ನು ನಾನು ಆಡಿಲ್ಲ, ಇನ್ನು ಆಡುವುದೂ ಬೇಡ. ಅಲ್ಲಾವುದ್ದೀನ ಭಾಯಿ ಬೀಳುವ ಮುಂಚೆ ನೆಲ ಸ್ವಚ್ಛ ಇದೆಯೋ ಇಲ್ಲವೋ ನೋಡಿಕೊಂಡ, ಪ್ಯಾಂಟು ಮೇಲೆಳೆದುಕೊಂಡ, ಆಮೇಲೆ ಒಂದು ಕೈ ಊರಿ ಮೆಲ್ಲಗೆ ಮಲಗಿದ. ಜನ ಮಿಕಿಮಿಕಿ ನೋಡಿದರು. ಕೊನೆಗೆ ದಶರಥಣ್ಣ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು ಗಂಭೀರವಾಗಿ ಬಂದ. ಬಂದದ್ದೇ ತಡ, ಇಡೀ ಊರು ಬಿದ್ದು ಬಿದ್ದು ನಕ್ಕಿತು. ಕುಡುಕ ಯಾರದೋ ಕೋಟು ಕದ್ದುಕೊಂಡು ಬಂದಿದ್ದಾನೆ, ಇನ್ನೇನು ಬೀಳುತ್ತಾನೆ ಎಂದು ಕಾದರು. ಅವನು ಸೆರೆ ಕುಡಿಯಬೇಡಿ ಎಂದರೆ ಹಿಂದಿನಿಂದ ಯಾರೋ, ಡಾಕ್ಟರೇ ಮೊದಲು ನೀವು ಬಿಡಿ ಎಂದು ಕೂಗಿದರು. ನಾನು ಅಳುವ ನೆವದಲ್ಲಿ ಸೆರಗಿನೊಳಗೆ ನಗುತ್ತಿದ್ದೆ. ಸೆರಗು ಸರಿಸಿದಾಗ ದಶರಥಣ್ಣನ ಮುಖ ಕಂಡಿತು, ನನ್ನ ನಗು ಅಲ್ಲಿಗೇ ನಿಂತಿತು. ಅವನು ಜನರನ್ನು ನೋಡುತ್ತಿರಲಿಲ್ಲ. ಬೇವಿನ ಗಿಡಕ್ಕೆ ಒರಗಿ ನಿಂತಿದ್ದ ಅಂಬರಾಯನನ್ನು ನೋಡುತ್ತಿದ್ದ. ಅಂಬರಾಯ ತಲೆಯಾಡಿಸಿ ಮನೆ ಕಡೆ ನಡೆದ.

ನಾವು ಸಾಮಾನು ಕಟ್ಟುತ್ತಿದ್ದಾಗ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ರಾಜರತ್ನನ ಅಜ್ಜಿ, ಅಂಬರಾಯನ ತಾಯಿ ಭೀಮಬಾಯಿ ಎಂದು ಆಮೇಲೆ ತಿಳಿಯಿತು. ದಶರಥಣ್ಣನ ಕೋಟು ಹಿಡಿದು ಎಳೆದು, ಮನೆಗೆ ಬಂದು ಚಹಾ ಕುಡಿದು ಹೋಗಬೇಕು ಎಂದಳು. ಅಲ್ಲಾವುದ್ದೀನ ಭಾಯಿಯೂ ನಾನೂ ಜೊತೆಗೆ ಹೋದೆವು. ಅಂಬರಾಯ ನಮ್ಮನ್ನು ಕಂಡು ಮುಖ ಗಂಟಿಕ್ಕಿದ, ಆದರೆ ತಾಯಿ ಕರೆದು ತಂದವರನ್ನು ಹೊರಗೆ ಹಾಕುವಂತಿಲ್ಲ, ಕುಂದ್ರಿ ಎಂದ. ಭೀಮಬಾಯಿ ಚಹಾಕ್ಕೂ ಕಾಯಲಿಲ್ಲ.

"ಅಂಬರಾಯ, ಈ ಮನಶ್ಯಾ ಕುಡಿಯಾಂವಲ್ಲ. ಹೋದ ಸಲ ಆಟ ನೋಡ್ದಾಗs ನನಗ ಗೊತ್ತಾಗ್ಯಾದ. ಕುಡಿಯಾಂವ ಹಂಗ ಬೀಳಂಗಿಲ್ಲ."

ಅಂಬರಾಯ ಏನೋ ಹೇಳಲು ಬಾಯಿ ತೆರೆದ. ಅವಳು ಕೈಯಿಂದಲೇ ತಡೆದಳು.

"ನಿಮ್ಮಪ್ಪ ಎಂದಾರ ತೂರಾಡ್ಕೊಂತ ಬಂದಾನೇನು? ಕುಡುದ ದಿನ ನೆಟ್ಟಗ ನಡೀತಿದ್ದ. ಹೊಸ್ತಲಾ ನೋಡಿ ದಾಟ್ತಿದ್ದ, ಟವೆಲ್ ಮಡಚಿ ಘಳಿಗಿ ಮಾಡಿ ಇಡ್ತಿದ್ದ. ಕುಡಿದಿಲ್ಲ ಅಂತ ತೋರ್ಸಬೇಕಲ್ಲ. ಉಳದ ದಿನ ಒದರ್ಯಾಡಾಂವ, ಕುಡುದ ದಿನ ಮೆತ್ತಗ ರೊಟ್ಟಿ ಕೊಡು ಅಂತಿದ್ದ. ಆ ಮೆತ್ತನ ಮಾತ ಕೇಳಿದ್ರ ನಾ ನಿನ್ನ ಎತ್ಗೊಂಡು ಹೊರಗ ಓಡ್ತಿದ್ದೆ."

ಅಂಬರಾಯ ನೆಲ ನೋಡುತ್ತ ಕೂತ. ಮನೆ ಉಳಿಯಿತು, ಮದುವೆ ಗೆದ್ದಿತು ಎಂದು ನಾನು ಒಳಗೊಳಗೇ ಕುಣಿದೆ. ನಮ್ಮ ದಶರಥಣ್ಣ ಮಾತ್ರ ಸುಮ್ಮನಿರಲಿಲ್ಲ. ಅವನ ಮುಖದಲ್ಲಿ ಸಂತೋಷವೂ ಇತ್ತು, ಅದಕ್ಕಿಂತ ದೊಡ್ಡದಾಗಿ ಅವಮಾನವೂ ಇತ್ತು.

"ಹಂಗಾದ್ರ ಆಯಿ, ನಾ ಮಾಡೋ ಪಾರ್ಟ್ ಸುಳ್ಳೇನ್ರಿ?"

ಅವನ ತೊಡೆ ಚಿವುಟಿದೆ. ಅವನು ನನ್ನ ಕೈ ತಳ್ಳಿ, ಇಷ್ಟು ಊರುಗಳಲ್ಲಿ ಇಷ್ಟು ಜನ ನಕ್ಕಿದ್ದಾರೆ, ಎಲ್ಲರೂ ಮೆಚ್ಚಿದ್ದಾರೆ ಎಂದು ವಾದಕ್ಕೇ ಇಳಿದ. ಮಗಳ ಮದುವೆ ಕೈಗೆ ಬಂದಿರುವಾಗ ತಾನು ಒಳ್ಳೆಯ ಕುಡುಕ ಎಂದು ಸಾಧಿಸಲು ಹೊರಟ ಅಪ್ಪನನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಭೀಮಬಾಯಿಗೆ ಸಿಟ್ಟು ಬರಲಿಲ್ಲ. ನಗಲಿಕ್ಕೆ ಅವನ ಪಾರ್ಟು ಚಂದವೇ ಇದೆ, ಆದರೆ ಖರೆ ಅಲ್ಲ ಎಂದಳು. ಖರೇದು ಹೇಗಿರುತ್ತದೆ ಎಂದು ದಶರಥಣ್ಣ ಕೇಳಿದ. ಅವಳು ಕೋಲು ಗೋಡೆಗೆ ಒರಗಿಸಿ, ಬಾಗಿಲಾಚೆ ಹೋಗಿ, ಅಲ್ಲಿಂದ ಒಳಗೆ ಬಂದಳು.

ಬಂದದ್ದು ಮುದುಕಿಯಲ್ಲ. ಹೊಸ್ತಿಲ ಮುಂದೆ ಕ್ಷಣ ನಿಂತು, ಕಾಲನ್ನು ಬೇಕಾದದ್ದಕ್ಕಿಂತ ತುಸು ಎತ್ತರಕ್ಕೆ ಎತ್ತಿ ದಾಟಿದ್ದು ಒಬ್ಬ ಗಂಡಸು. ಕುತ್ತಿಗೆ ನೆಟ್ಟಗೆ, ಕಣ್ಣು ಯಾರನ್ನೂ ನೋಡದು. ಹೆಗಲ ಮೇಲೆ ಇಲ್ಲದ ಟವೆಲನ್ನು ಎರಡೂ ಕೈಯಲ್ಲಿ ತೆಗೆದು ಮಡಚಿ ಗೂಟಕ್ಕೆ ಹಾಕಿದ. ಒಲೆಯ ಕಡೆ ತಿರುಗಿ ಮೆಲ್ಲಗೆ ನಕ್ಕ. ಅಷ್ಟರಲ್ಲಿ ಬಂದಿದ್ದ ಚಹಾದ ಬಟ್ಟಲನ್ನು ಅಲ್ಲಾವುದ್ದೀನ ಭಾಯಿ ಹಿಡಿದಲ್ಲೇ ಹಿಡಿದು ಕೂತಿದ್ದ. ಅಂಬರಾಯ ಎದ್ದು ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಸಾಕಬೇ ಯವ್ವಾ. ಅಪ್ಪನ ಹಂಗ ನಡೀಬ್ಯಾಡ."

ಭೀಮಬಾಯಿ ಮತ್ತೆ ಮುದುಕಿಯಾಗಿ, ಮಗನ ಕೆನ್ನೆ ಸವರಿ ಕೂತಳು. ದಶರಥಣ್ಣ ಅವಳ ಕಾಲಿಗೆ ಬಿದ್ದ. ಇದುವರೆಗೆ ನಾನು ಮಾಡಿದ್ದು ಬರೀ ಬೀಳುವುದು, ಆಯಿ ಎಂದ. ಅಂಬರಾಯ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು, ಯಾವ ತಿಂಗಳು ಅನುಕೂಲ ಬೀಗರೇ ಎಂದು ಕೇಳಿದ.

ಕುಡುಕನ ಪಾತ್ರ ಮರಳಿ ದಶರಥಣ್ಣನಿಗೇ ಬಂತು. ಅಲ್ಲಾವುದ್ದೀನ ಭಾಯಿ ಢೋಲಕ್ಕನ್ನು ತಬ್ಬಿಕೊಂಡು ದೇವರಿಗೆ ಶುಕ್ರಿಯಾ ಹೇಳಿದ. ಮುಂದಿನ ನಾಟಕ ವಾಡಿಯಲ್ಲಿ. ದಶರಥಣ್ಣ ಮೊದಲೆಲ್ಲ ಯಥಾಪ್ರಕಾರ ಬಿದ್ದ, ಜನ ನಕ್ಕರು. ಕೊನೆಯ ದೃಶ್ಯದಲ್ಲಿ ಮಾತ್ರ ನೆಟ್ಟಗೆ ನಡೆದು ಬಂದು, ಟವೆಲು ಮಡಚಿಟ್ಟು, ನನ್ನನ್ನು ಮೆತ್ತಗೆ ರೊಟ್ಟಿ ಕೇಳಿದ. ನಾನು ಅಳುವುದನ್ನು ಮರೆತು ಹಿಂದೆ ಸರಿದೆ. ಮುಂದಿನ ಸಾಲಿನ ಹೆಂಗಸೊಬ್ಬಳು ಮಗುವನ್ನು ತೊಡೆಗೆ ಎಳೆದುಕೊಂಡಳು. ಒಂದೇ ಪಾತ್ರದಲ್ಲಿ ಎಷ್ಟು ಜನ ಇರುತ್ತಾರೆ ಎಂದು ಮರಳುವಾಗ ಗಾಡಿಯಲ್ಲಿ ಅಲ್ಲಾವುದ್ದೀನ ಭಾಯಿಯೇ ಹೇಳಿದ. ದಶರಥಣ್ಣ ವಾದ ಮಾಡಲಿಲ್ಲ, ನಿದ್ದೆ ಹೋಗಿದ್ದ.

ಮದುವೆ ಅಂಬರಾಯನ ಊರಿನಲ್ಲೇ ಆಯಿತು. ಯಶೋಧರಾ, ರಾಜರತ್ನ ಬಿಳಿ ಬಟ್ಟೆಯಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿದರು. ಬೌದ್ಧ ಭಿಕ್ಷು ಭಂತೇಜಿ ಪಂಚಶೀಲದ ಐದು ಸಾಲು ಹೇಳಿಕೊಟ್ಟರು, ಚಪ್ಪರದವರೆಲ್ಲ ಎದ್ದುನಿಂತು ಒಂದೊಂದೇ ಸಾಲನ್ನು ತಿರುಗಿ ಹೇಳಿದರು. ಮದ್ಯ ಮುಟ್ಟುವುದಿಲ್ಲ ಎಂಬ ಐದನೆಯ ಸಾಲು ಬಂದಾಗ ಹಿಂದೆ ನಿಂತ ಹುಡುಗರು ಮೊದಲು ಕಿಸಕ್ಕೆಂದರು. ಆಮೇಲೆ ಇಡೀ ಚಪ್ಪರ ದಶರಥಣ್ಣನ ಕಡೆ ತಿರುಗಿ ನಕ್ಕಿತು. ಮದುಮಗಳೂ ನಕ್ಕಳು, ನಾನೂ ನಕ್ಕೆ, ಭಂತೇಜಿಯವರ ತುಟಿ ಕೂಡ ಅಲುಗಿತು. ಅಂಬರಾಯ ಮಾತ್ರ ನಗಲಿಲ್ಲ. ಜನರನ್ನು ಸರಿಸಿಕೊಂಡು ಬಂದು ದಶರಥಣ್ಣನ ಪಕ್ಕ ನಿಂತ, ಅವನ ಕೈ ಹಿಡಿದುಕೊಂಡ, ಚಪ್ಪರದ ನಗುವೆಲ್ಲ ಅಡಗುವಂಥ ದನಿಯಲ್ಲಿ ಆ ಸಾಲನ್ನು ಅವನ ಜೊತೆಗೆ ತಾನೂ ಹೇಳಿದ.