ಊರಿಗೆಲ್ಲ ಟೊಪ್ಪಿ ಹಾಕಿದ ಸುಂದರಿ

ಬೆಳಗ್ಗೆ ಆರು ಗಂಟೆಗೆ ಇನ್ನೂ ಐದು ನಿಮಿಷ ಬಾಕಿ. ಅಳದಂಗಡಿಯಿಂದ ಗುಡ್ಡದ ಕಡೆಗೆ ಏಳು ಕಿಲೋಮೀಟರ್ ಒಳಗಿರುವ ಪೆಜಕೋಡಿಯ ಹಾಲು ಸೊಸೈಟಿಯ ಶಟರ್ ಸದ್ದು ಮಾಡುತ್ತ ಮೇಲೇರುತ್ತದೆ. ಒಳಗಿನ ಟ್ಯೂಬ್‌ಲೈಟಿನ ಬೆಳಕು ಅಂಗಳಕ್ಕೆ ಬೀಳುತ್ತಿದ್ದಂತೆ ಮೊದಲು ಕಣ್ಣಿಗೆ ಕಾಣುವುದು ಸಾಲಿನಲ್ಲಿ ನಿಂತವರ ಮುಖಗಳಲ್ಲ, ತಲೆಗಳು. ಕೆಂಪು ಟೊಪ್ಪಿ, ಎಳೆ ಬಾಳೆ ಎಲೆಯ ಬಣ್ಣದ ಟೊಪ್ಪಿ, ನೀಲಿ ಪಟ್ಟಿ ಇರುವ ಹಳದಿ ಟೊಪ್ಪಿ, ಕಿವಿಯ ಮೇಲೆ ಎರಡು ಗೊಂಡೆ ತೂಗುವ ಟೊಪ್ಪಿ. ಎಲ್ಲವೂ ಉಲ್ಲನಿನವು, ಎಲ್ಲವೂ ಒಂದೇ ಕೈಯವು. ಆ ಕೈ ಈಗ ಮೇಜಿನ ಹಿಂದೆ ಸ್ಟೀಲಿನ ಅಳತೆ ಪಾತ್ರೆ ತೊಳೆಯುತ್ತಿದೆ.

ಅದು ಸುಂದರಿಯವರ ಕೈ. ವಯಸ್ಸು ಐವತ್ತೊಂದು. ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವರ ಕೆಲಸ.

"ಸುಂದರಕ್ಕಾ, ನನ್ನ ಟೊಪ್ಪಿಯನ್ನು ಇಲಿ ಕಚ್ಚಿತು ನೋಡಿ," ಎಂದು ಸಾಲಿನ ಮೊದಲಿಗ ಮಾಯಿಲಪ್ಪ ತಲೆ ಮುಂದೆ ಮಾಡುತ್ತಾರೆ.

"ಇಲಿಗೂ ಚಳಿ ಆಗ್ತದಲ್ಲ ಮಾರಾಯ್ರೆ. ಮೊದಲು ಹಾಲು ಹೊಯ್ಯಿರಿ. ಟೊಪ್ಪಿ ಅಲ್ಲಿ ಕಿಟಕಿಯಲ್ಲಿ ಇಟ್ಟು ಹೋಗಿ, ನಾಳೆ ಸರಿ ಮಾಡಿ ಕೊಡ್ತೇನೆ."

ಪೆಜಕೋಡಿಯಲ್ಲಿ ಬೆಳಗ್ಗೆ ಹಾಲು ತರುವವರು ಐವತ್ತೆಂಟು ಮಂದಿ. ಮುನ್ನೂರ ನಲವತ್ತು ಲೀಟರಿನ ಆಸುಪಾಸು ಹಾಲು ಆಗುತ್ತದೆ. ನಾಲ್ಕೂವರೆಗೆ ಎದ್ದು, ತಾಯಿಗೆ ಗಂಜಿ ಇಟ್ಟು, ಒಂದೂಕಾಲು ಕಿಲೋಮೀಟರ್ ನಡೆದು ಸುಂದರಿ ಇಲ್ಲಿಗೆ ತಲುಪುತ್ತಾರೆ. ಏಳೂಕಾಲಕ್ಕೆ ಕೊನೆಯ ಕ್ಯಾನು ಬರುತ್ತದೆ, ಎಂಟಕ್ಕೆ ವ್ಯಾನು. ನಡುವಿನ ಮುಕ್ಕಾಲು ಗಂಟೆ ಸುಂದರಿಯವರದ್ದೇ. ಪಾತ್ರೆ ತೊಳೆದು, ಕೈ ತೊಳೆದು, ಕಪಾಟಿನ ಮೇಲಿನ ಬಟ್ಟೆಚೀಲ ಇಳಿಸಿ, ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಎರಡು ಕಡ್ಡಿಗಳನ್ನು ಹೊರತೆಗೆಯುತ್ತಾರೆ. ಆಮೇಲೆ ಕೇಳಿಸುವುದು ಕಡ್ಡಿಗೆ ಕಡ್ಡಿ ತಾಗುವ ಟಿಕ್ ಟಿಕ್ ಮತ್ತು ಬಾಯೊಳಗಿನ ತುಳು ಲೆಕ್ಕ: ಒಂಜಿ, ರಡ್ಡ್, ಮೂಜಿ, ನಾಲ್.

"ಹಾಲು ಅಳೆಯುವಾಗ ತಲೆಯಲ್ಲಿ ಐವತ್ತೆಂಟು ಜನ ಇರ್ತಾರೆ. ಉಲ್ಲನ್ ಹಿಡಿದರೆ ಒಬ್ಬರೇ, ಯಾರ ಟೊಪ್ಪಿಯೋ ಅವರು," ಎನ್ನುತ್ತಾರೆ ಸುಂದರಿ. "ಅದು ಎಷ್ಟು ಆರಾಮ ಅಂತ ಹೇಳಿದರೆ ಗೊತ್ತಾಗುವುದಿಲ್ಲ. ಕೂತು ನೋಡಬೇಕು."

ಸೆಕೆಗೆ ಹೆಸರಾದ ಈ ಜಿಲ್ಲೆಯಲ್ಲಿ ಉಲ್ಲನ್ ಯಾಕೆ ಎಂದು ಕೇಳದವರಿಲ್ಲ. ಗುಡ್ಡದ ಬುಡದ ಈ ಊರಿಗೆ ಚಳಿ ಬಂದು ಹೋಗುವುದು ಎರಡು ತಿಂಗಳಿಗೆ ಮಾತ್ರ. ಸುಂದರಿ ಹೆಣೆಯುವುದು ಹನ್ನೆರಡು ತಿಂಗಳು. ಮೇ ತಿಂಗಳಲ್ಲಿ ಫ್ಯಾನು ಹಾಕಿದರೆ ಉಂಡೆ ಓಡುತ್ತದೆಂದು ಫ್ಯಾನು ನಿಲ್ಲಿಸಿ, ಬೆವರೊರೆಸಿಕೊಂಡು ಹೆಣೆಯುತ್ತಾರೆ. ಸೊಸೈಟಿಯ ಕಾರ್ಯದರ್ಶಿ ಲೋಕನಾಥ ಅವರನ್ನು "ಕಾಶ್ಮೀರದವರು" ಎಂದು ಕರೆಯುವುದುಂಟು.

ಕಡ್ಡಿ ಕೈಗೆ ಬಂದದ್ದು ಏಳು ವರ್ಷಗಳ ಹಿಂದೆ, ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ. ತಾಯಿಯ ಆರೈಕೆಗೆಂದು ಸುಂದರಿ ಹನ್ನೊಂದು ದಿನ ಅಲ್ಲಿದ್ದರು. ಪಕ್ಕದ ಮಂಚದಲ್ಲಿ ಕನ್ಯಾನದ ಸಾಲಿಹಾ ಎಂಬ ಹಿರಿಯ ಹೆಂಗಸು ಮೊಮ್ಮಗುವಿಗೆ ಕಾಲುಚೀಲ ಹೆಣೆಯುತ್ತಿದ್ದರು. ಎರಡು ದಿನ ನೋಡಿದ ಸುಂದರಿ ಮೂರನೆಯ ದಿನ ಕೈ ಚಾಚಿದರು. ಹನ್ನೆರಡನೇ ವಯಸ್ಸಿನಿಂದ ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದ ಬೆರಳುಗಳವು. ವೇಗಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬಿಚ್ಚುವ ಧೈರ್ಯಕ್ಕೆ.

"ಬೀಡಿ ಒಮ್ಮೆ ಕಟ್ಟಿದರೆ ಕಟ್ಟಿತು. ಬಿಚ್ಚಿದರೆ ಎಲೆ ಹರೀತದೆ, ಹಾಳಾದದ್ದು ಹಾಳೇ," ಎಂದು ಅವರು ವಿವರಿಸುತ್ತಾರೆ. "ಅದಕ್ಕೆ ನಾನು ಉಲ್ಲನಿನಲ್ಲಿ ತಪ್ಪಿದ್ದನ್ನು ಬಿಚ್ಚದೆ ಮುಂದೆ ಮುಂದೆ ಹಾಕ್ತಾ ಇದ್ದೆ. ಸಾಲಿಹಾಮ್ಮ ಕಡ್ಡಿ ಕಿತ್ತುಕೊಂಡೇ ಬಿಟ್ಟರು. 'ಏನು ಮಾರಾಯ್ತಿ, ಮೇಲಿಂದ ಮುಚ್ಚಿದರೆ ಕೆಳಗಿನ ತಪ್ಪು ಹೋಗ್ತದಾ? ಆ ಸಾಲಿನವರೆಗೆ ಬಿಚ್ಚು. ನೂಲಿಗೆ ಏನೂ ಆಗುವುದಿಲ್ಲ' ಅಂತ ಬೈದರು. ನೂಲಿಗೆ ಏನೂ ಆಗುವುದಿಲ್ಲ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿ ಆಯಿತು ಗೊತ್ತುಂಟಾ! ಆ ದಿನ ಸುಮ್ಮನೆ ನಾಲ್ಕು ಸಲ ಬಿಚ್ಚಿದ್ದೇನೆ."

ತಾಯಿ ಗುಣವಾಗಿ ಮನೆಗೆ ಬಂದರು. ಮೊದಲ ಟೊಪ್ಪಿ ಅವರಿಗೆ. ಈಗ ಎಂಬತ್ತೆರಡರ ಆ ತಾಯಿ ಚಾವಡಿಯಲ್ಲಿ ಕಾಲು ಚಾಚಿ ಕೂತು ಕಾಲಿನ ಎರಡು ಹೆಬ್ಬೆರಳುಗಳಿಗೆ ನೂಲಿನ ಲಡಿ ಸಿಕ್ಕಿಸಿ ಉಂಡೆ ಸುತ್ತಿಕೊಡುತ್ತಾರೆ. ಆಮೇಲಿನ ಟೊಪ್ಪಿಗಳು ಸೊಸೈಟಿಯ ಸಾಲಿಗೆ ಬಂದವು. ಇದನ್ನು ಸೇವೆ ಎಂದರೆ ಸುಂದರಿ ಒಪ್ಪುವುದಿಲ್ಲ. "ಎಷ್ಟು ಅಂತ ಮನೆಯಲ್ಲಿ ರಾಶಿ ಹಾಕುವುದು? ಹಾಕುವ ಮರ್ಲು ನನಗೆ, ಅವರಿಗೆ ತಲೆ ಉಂಟು," ಎಂದು ನಗುತ್ತಾರೆ. ಮರ್ಲು ಎಂದರೆ ತುಳುವಿನಲ್ಲಿ ಹುಚ್ಚು. ಎದುರಿನವರಿಗೆ ಯಾವ ಬಣ್ಣ ಒಪ್ಪುತ್ತದೆಂದು ಹಾಲು ಹೊಯ್ಯುವಾಗಲೇ ನೋಡಿಟ್ಟುಕೊಳ್ಳುತ್ತಾರೆ. ತಲೆಯ ಸುತ್ತಳತೆಯನ್ನು ಒಂದು ನೂಲಿನಲ್ಲಿ ಅಳೆದು, ಗಂಟು ಹಾಕಿ, ಹೆಸರು ಬರೆದ ಚೀಟಿ ಕಟ್ಟಿಡುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಐವತ್ತೇಳು ತಲೆಗಳಿಗೆ ಟೊಪ್ಪಿ ಆಯಿತು. ಹಾಲು ಪರೀಕ್ಷೆ ಮಾಡುವವಳೇ ಊರಿಗೆಲ್ಲ ಟೊಪ್ಪಿ ಹಾಕಿದಳೆಂಬ ತಮಾಷೆ ಅಳದಂಗಡಿ ಪೇಟೆಯವರೆಗೂ ಹೋಗಿದೆ.

ಐವತ್ತೆಂಟನೆಯ ತಲೆ ಮಾತ್ರ ಬೈರಾಸು ಎಂಬ ಟವೆಲು ಸುತ್ತಿಕೊಂಡು ಬರುತ್ತಿತ್ತು. ಅದು ತುಕ್ರಪ್ಪ ಅವರದ್ದು. ವಯಸ್ಸು ಎಪ್ಪತ್ತು ದಾಟಿದೆ. ಅವರ ದನದ ಹಟ್ಟಿ ಸೊಸೈಟಿಯಿಂದ ರಸ್ತೆ ದಾಟಿದರೆ ಸಿಗುತ್ತದೆ. ಈ ಬರಹದ ನಿಜವಾದ ಕಥೆ ಇರುವುದು ಆ ಇಪ್ಪತ್ತು ಹೆಜ್ಜೆ ದೂರದಲ್ಲಿ.

ಆರು ವರ್ಷಗಳ ಹಿಂದೆ, ಸುಂದರಿ ಪರೀಕ್ಷೆಯ ಮೇಜಿಗೆ ಬಂದ ಮೊದಲ ತಿಂಗಳು. ಅದಕ್ಕೆ ಮುಂಚೆ ಅವರು ಇಲ್ಲೇ ಕ್ಯಾನು ತೊಳೆಯುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವುದಕ್ಕೆ ಒಂದು ಗಾಜಿನ ಕಡ್ಡಿ ಇದೆ. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ, ಎಷ್ಟು ತೇಲಿತೋ ಅಷ್ಟು ಡಿಗ್ರಿ. ಆ ದಿನ ತುಕ್ರಪ್ಪ ಎಲ್ಲರಿಗಿಂತ ಮೊದಲು ಬಂದಿದ್ದರು. ಇಪ್ಪತ್ತೆಂಟು ಬರಬೇಕಾದಲ್ಲಿ ಇಪ್ಪತ್ತಾರು ತೋರಿಸಿತು. ಇನ್ನೊಮ್ಮೆ ಬಿಟ್ಟರು, ಅದೇ ಇಪ್ಪತ್ತಾರು. "ನೀರು ಉಂಟು ತುಕ್ರಪ್ಪಣ್ಣ, ಆಗುವುದಿಲ್ಲ," ಎಂದು ಸುಂದರಿ ಕ್ಯಾನನ್ನು ಹಿಂದಕ್ಕೆ ತಳ್ಳಿದರು. ಹಿಂದೆ ಮೂವತ್ತು ಜನ ನಿಂತಿದ್ದರು. ತುಕ್ರಪ್ಪ ಕ್ಯಾನು ಎತ್ತಿಕೊಂಡು ಹೋಗಿ ಅಷ್ಟೂ ಹಾಲನ್ನು ಕರುವಿಗೆ ಕುಡಿಸಿದರು. ಮರುದಿನದಿಂದ ಕೊನೆಯವರಾಗಿ ಬರತೊಡಗಿದರು. ಹಾಲು ಹೊಯ್ಯುವಾಗ ಗೋಡೆ ನೋಡುತ್ತಿದ್ದರು. ಯಾರೋ ಟೊಪ್ಪಿಯ ಮಾತೆತ್ತಿದಾಗ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದರು: "ನನಗೆ ಅವಳು ಟೊಪ್ಪಿ ಹಾಕಿ ಆಗಿದೆ."

ಎಂಟು ತಿಂಗಳ ನಂತರ ಬೆಳ್ತಂಗಡಿಯಲ್ಲಿ ಒಂದು ದಿನದ ತರಬೇತಿ ನಡೆಯಿತು. ಹಾಲು ಬಿಸಿ ಇದ್ದರೆ ಡಿಗ್ರಿ ಕಡಿಮೆ ತೋರಿಸುತ್ತದೆ, ಕರೆದ ಕೂಡಲೇ ನೋಡಬಾರದು, ಆರಿದ ಮೇಲೆ ನೋಡಬೇಕು ಎಂದು ಹೇಳಿಕೊಟ್ಟರು. ಬೇರೆಯವರ ಹಾಲು ಒಂದೆರಡು ಕಿಲೋಮೀಟರ್ ನಡೆದು ಬರುವಷ್ಟರಲ್ಲಿ ಆರಿರುತ್ತದೆ. ತುಕ್ರಪ್ಪನವರ ಹಾಲು ಬಂದದ್ದು ಇಪ್ಪತ್ತು ಹೆಜ್ಜೆ.

"ಊಟಕ್ಕೆ ಕೂತಲ್ಲಿ ಆ ಇಪ್ಪತ್ತಾರೇ ನೆನಪಾಯಿತು," ಎನ್ನುತ್ತಾರೆ ಸುಂದರಿ. "ಅವರು ಕಳ್ಳ ಆಗಿರಲಿಲ್ಲ, ಹತ್ತಿರದವರು ಆಗಿದ್ದರು ಅಷ್ಟೆ."

ಆದರೂ ಅವರು ಹೇಳಲಿಲ್ಲ. ಆ ಮೇಜಿನ ಮಾತು ಒಮ್ಮೆ ಸಡಿಲವಾದರೆ ಮರುದಿನ ಸಾಲಿನವರೆಲ್ಲ ವಾದಕ್ಕೆ ನಿಲ್ಲುತ್ತಾರೆಂಬ ಹೆದರಿಕೆ. ಬಿಸಿ ಕ್ಯಾನು ಬಂದರೆ "ನೀವು ಸ್ವಲ್ಪ ಕೂತುಕೊಳ್ಳಿ" ಎಂದು ಬದಿಗಿಡುವ ಕ್ರಮ ಶುರುಮಾಡಿದರು. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬದಲಿಗೆ ಕಂದು ಬಣ್ಣದ ಉಲ್ಲನ್ ತಂದು ತುಕ್ರಪ್ಪನವರಿಗೊಂದು ಟೊಪ್ಪಿ ಹೆಣೆದರು. ಕೊಡುವ ಧೈರ್ಯವಾಗದೆ ಬಿಚ್ಚಿದರು. ಮತ್ತೆ ಹೆಣೆದರು, ಮತ್ತೆ ಬಿಚ್ಚಿದರು. ಒಂದೇ ನೂಲು ಮೂರು ಸಲ ಟೊಪ್ಪಿಯಾದದ್ದು ಸಾಲಿನವರ ಕಣ್ಣಿಗೂ ಬಿದ್ದಿತ್ತು. ಚೀಲದ ಗಂಟುನೂಲುಗಳಲ್ಲಿ ಅವರ ತಲೆಯ ಅಳತೆ ಮಾತ್ರ ಇರಲಿಲ್ಲ.

ಈ ಜನವರಿಯ ಎರಡನೇ ವಾರ ಅದು ಬದಲಾಯಿತು. ಸೊಸೈಟಿಯ ಹಿಂದಿನ ಮನೆಯ ಸಮೀನಾ ಹೊಸದಾಗಿ ದನ ಸಾಕಿ, ಮೊದಲ ದಿನ ಹಾಲು ತಂದಿದ್ದರು. ಸಾಲಿನಲ್ಲಿ ಕೊನೆಗಿಂತ ಒಂದು ಮುಂದೆ ಅವರು, ಕೊನೆಯಲ್ಲಿ ತುಕ್ರಪ್ಪ. ಸುಂದರಿ ಕ್ಯಾನು ಮುಟ್ಟಿ ನೋಡಿ, ಬದಿಗಿಟ್ಟು, "ಸ್ವಲ್ಪ ಕೂತುಕೊಳ್ಳಿ" ಎಂದರು.

"ಯಾಕೆ ಅಕ್ಕಾ? ನನ್ನದಕ್ಕೆ ಏನಾಗಿದೆ?" ಎಂದು ಸಮೀನಾ ಗಟ್ಟಿಯಾಗಿಯೇ ಕೇಳಿದರು.

"ಕ್ರಮ" ಎಂದು ಹೇಳಿ ಮುಗಿಸಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಹೊರಗೆ ಬಂದದ್ದು ಬೇರೆ. "ಬಿಸಿ ಹಾಲಿಗೆ ಡಿಗ್ರಿ ಕಡಿಮೆ ಬರ್ತದೆ. ಅದು ಗೊತ್ತಿಲ್ಲದೆ ನಾನು ಒಮ್ಮೆ ತುಕ್ರಪ್ಪಣ್ಣನ ಹಾಲು ವಾಪಸ್ ಕಳಿಸಿದ್ದೆ. ಅದರಲ್ಲಿ ನೀರು ಇರಲಿಲ್ಲ. ತಪ್ಪು ನನ್ನದು."

ಕ್ಯಾನು ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. ಹಾಲು ಹೊಯ್ದು ಹರಟುತ್ತ ನಿಂತಿದ್ದ ಮಾಯಿಲಪ್ಪ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. ತುಕ್ರಪ್ಪ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ತಮ್ಮ ಸರದಿ ಬಂದಾಗ ಹಾಲು ಹೊಯ್ದು, ಚೀಟಿ ತೆಗೆದುಕೊಂಡು, ರಸ್ತೆ ದಾಟಿ ಹೋದರು.

"ಎಂಥ ಮಾಡಿದಿರಿ ಸುಂದರಿ? ನಾಳೆಯಿಂದ ಎಲ್ಲರ ಹಾಲೂ ಬಿಸಿಯೇ!" ಎಂದು ಲೋಕನಾಥ ತಲೆಗೆ ಕೈ ಇಟ್ಟರು. ಮರುದಿನ ಮೂವರು ವಾದಕ್ಕೆ ನಿಂತದ್ದೂ ನಿಜ. ಸುಂದರಿ ಅವರನ್ನು ಬೆಂಚಿನಲ್ಲಿ ಕೂರಿಸಿ, ಹಾಲು ಆರಿಸಿ, ಅವರ ಕಣ್ಣೆದುರೇ ಕಡ್ಡಿ ಬಿಟ್ಟು ತೋರಿಸಿದರು. ಇಬ್ಬರದ್ದು ಸರಿ ಇತ್ತು. ಮೂರನೆಯವರದ್ದರಲ್ಲಿ ನೀರೇ ಇತ್ತು, ಅವರು ಕ್ಯಾನು ಎತ್ತಿಕೊಂಡು ಹೋದರು. ಈಗ ಮೇಜಿನ ಮೇಲೆ ಶಾಖ ನೋಡುವ ಇನ್ನೊಂದು ಕಡ್ಡಿಯೂ ಇದೆ. ವಾದಕ್ಕೆ ಬರುವವರು ಕಡಿಮೆಯಾಗಿದ್ದಾರೆ. "ತನ್ನ ತಪ್ಪನ್ನೇ ಹೇಳಿದವಳು ನಮ್ಮದ್ದು ಬಿಡ್ತಾಳಾ?" ಎಂಬುದು ಮಾಯಿಲಪ್ಪನವರ ವಾದ.

ನಾಲ್ಕನೆಯ ದಿನ, ವ್ಯಾನು ಇನ್ನೂ ಬಂದಿರದ ಹೊತ್ತಿನಲ್ಲಿ, ತುಕ್ರಪ್ಪ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಕ್ಯಾನು ಇರಲಿಲ್ಲ. ಸ್ಟೂಲಿನಲ್ಲಿ ಐವತ್ತೇಳನೆಯ ಟೊಪ್ಪಿ, ಸಮೀನಾ ಅವರದ್ದು, ಮುಗಿಸುತ್ತಿದ್ದ ಸುಂದರಿ ಎದ್ದು ನಿಂತರು.

"ನನ್ನ ಟೊಪ್ಪಿ ಉಂಟಂತೆ?"

"ಉಂಟು."

"ಕೊಡು ನೋಡುವ. ಒಮ್ಮೆ ಹಾಕಿದ್ದೀಯಲ್ಲ, ಇನ್ನೊಮ್ಮೆ ಹಾಕು."

ಸುಂದರಿ ಕಡ್ಡಿ ಕೆಳಗಿಟ್ಟರು. ಚೀಲದ ತಳದಿಂದ ಕಂದು ಟೊಪ್ಪಿ ತೆಗೆದು ಕೊಟ್ಟರು. ತುಕ್ರಪ್ಪ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿ, ಟೊಪ್ಪಿಯನ್ನು ಎರಡೂ ಕೈಯಲ್ಲಿ ಎಳೆದರು. ಕಿವಿಯವರೆಗೂ ಇಳಿಯಲಿಲ್ಲ.

"ಇದು ಮಕ್ಕಳದ್ದಾ? ಯಾರ ತಲೆ ನೋಡಿ ಹಾಕಿದ್ದು ನೀನು?"

"ನಿಮ್ಮ ಬೈರಾಸು ನೋಡಿ, ಅಂದಾಜಿನಲ್ಲಿ. ತಲೆ ನೀವು ಎಲ್ಲಿ ತೋರಿಸಿದ್ದೀರಿ ತುಕ್ರಪ್ಪಣ್ಣ?"

ಮುದುಕರು ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಸ್ಟೂಲು ಎಳೆದು ಕೂತು, ತಲೆ ಬಗ್ಗಿಸಿದರು. ಸುಂದರಿ ಉಂಡೆಯಿಂದ ಒಂದು ಎಳೆ ಕಿತ್ತು, ಹಣೆಯಿಂದ ಹಿಂತಲೆಗೆ ಸುತ್ತಿ, ಎರಡು ತುದಿ ಸೇರಿದಲ್ಲಿ ಗಂಟು ಹಾಕಿದರು.

ಆ ಗಂಟುನೂಲು ಈಗ ಅವರ ಮಡಿಲಲ್ಲಿದೆ, ಚೀಟಿಯೂ ಕಟ್ಟಿದೆ. ಗಂಟೆ ಏಳೂವರೆ. ಹೊರಗೆ ಬಿಸಿಲು ಏರುತ್ತಿದೆ, ಚಳಿಗೆ ಇನ್ನು ಹೆಚ್ಚೆಂದರೆ ಎರಡು ವಾರ ಆಯಸ್ಸು. ಅಷ್ಟರೊಳಗೆ ಒಂದು ಬೆಳಗ್ಗೆ ಸಾಲಿನಲ್ಲಿ ಐವತ್ತೆಂಟೂ ಟೊಪ್ಪಿ ಕಾಣಬೇಕು, ಅಷ್ಟೇ ತನ್ನ ಆಸೆ ಎನ್ನುತ್ತಾರೆ. ಕಂದು ಟೊಪ್ಪಿಯ ತುದಿಯ ಗಂಟು ಸಡಿಲಿಸಿ ನೂಲು ಎಳೆಯುತ್ತಾರೆ. ಸಾಲಿನ ಮೇಲೆ ಸಾಲು ಸರಸರನೆ ಬಿಚ್ಚಿಕೊಂಡು, ಸುರುಳಿಸುರುಳಿಯಾದ ನೂಲು ಮಡಿಲು ತುಂಬುತ್ತದೆ.

ಇಷ್ಟು ಕೆಲಸ ಮೂರನೇ ಸಲ ಬಿಚ್ಚುವುದಕ್ಕೆ ಬೇಸರವಿಲ್ಲವೇ?

"ಬೇಸರ ಎಂಥದ್ದು?" ಸುಂದರಿ ಹೊಸದಾಗಿ ಮೊದಲ ಕುಣಿಕೆಯನ್ನು ಕಡ್ಡಿಗೆ ಏರಿಸುತ್ತಾರೆ. "ಈ ಸಲ ಅಳತೆ ಉಂಟಲ್ಲ."